ಕುಳ್ಳಗಿರಲು ಒಪ್ಪದ ಗಿಡಗಳು

ಮುಂಬಯಿಯ ಒನ್ ಬಿಎಚ್‌ಕೆಯಲ್ಲಿ ತೋಟದ ಹುಚ್ಚು ಹತ್ತಿದವರಿಗೆ ಕಿಟಕಿಯ ಗ್ರಿಲ್ಲೇ ಗತಿ. ಅಲ್ಲಿ ತುಳಸಿ, ಕರಿಬೇವು, ಒಂದೆಲಗದ ಕುಂಡ ಕೂತವೆಂದರೆ ಬಟ್ಟೆ ಒಣಹಾಕಲು ಜಾಗವಿಲ್ಲ ಎಂಬ ಜಗಳ ಶುರು. ನನ್ನಂಥವರು ಅದಕ್ಕೇ ತೋಟವನ್ನು ನೀರೊಳಗೆ ಇಳಿಸಿದ್ದೇವೆ. ಉದ್ದ, ಅಗಲ, ಎತ್ತರ ಎಲ್ಲವೂ ಒಂದೊಂದಡಿಯ ಗಾಜಿನ ಪೆಟ್ಟಿಗೆ. ತುಂಬಿದರೆ 25 ಲೀಟರಿನ ಆಸುಪಾಸು ನೀರು. ಟಿವಿ ಪಕ್ಕದ ಗಟ್ಟಿ ಸ್ಟೂಲಿನ ಮೇಲೆ ಕೂರುತ್ತದೆ. ಮೀನು ಅದರಲ್ಲಿ ನೆಪಮಾತ್ರಕ್ಕೆ.

ಗಿಡ ಬೇಕೆಂದರೆ ಕುರ್ಲಾಕ್ಕೋ ಕ್ರಾಫರ್ಡ್ ಮಾರ್ಕೆಟ್ಟಿಗೋ ಲೋಕಲ್ ಹಿಡಿಯಬೇಕು. ಬುಡಕ್ಕೆ ಸೀಸದ ಪಟ್ಟಿ ಸುತ್ತಿದ ಕಟ್ಟುಗಳು ನೀರಲ್ಲಿ ನಿಂತಿರುತ್ತವೆ: ರೊಟಾಲಾ, ಲುಡ್ವಿಜಿಯಾ, ಹೈಗ್ರೋಫಿಲಾ, ಬಕೋಪಾ. ಗಿಡ ಮಾರುವವರು ಯಾವ ಊರಿನಲ್ಲಾದರೂ ಒಂದೇ ಮಾತು ಹೇಳುತ್ತಾರೆ, ‘ಛೋಟಾ ಹೀ ರಹೇಗಾ.’ ನಂಬಬೇಡಿ. ಕಾಂಡ ಚಾಚಿ ಬೆಳೆಯುವ ಗಿಡಕ್ಕೆ ಬೆಳಕಿನ ಹತ್ತಿರ ಹೋಗುವುದೊಂದೇ ಕೆಲಸ. ಬೆಳಕು ಮಂಕಾದರೆ ಗೆಣ್ಣಿಗೂ ಗೆಣ್ಣಿಗೂ ನಡುವಿನ ಅಂತರ ಹಿಗ್ಗುತ್ತದೆ, ಕೆಳಗಿನ ಎಲೆ ಉದುರುತ್ತದೆ, ಗಿಡ ಬರೀ ಕಡ್ಡಿಯಾಗಿ ನೀರಿನ ಮೇಲ್ಮೈ ಮುಟ್ಟುತ್ತದೆ. ಬೆಳಕು ಸಾಕಷ್ಟಿದ್ದರೆ ಗೆಣ್ಣುಗಳು ಒತ್ತೊತ್ತಾಗಿ ಪೊದೆ ಕಟ್ಟುತ್ತವೆ. ಹಾಗೆಂದು ದಿನವಿಡೀ ಎಲ್‌ಇಡಿ ಉರಿಸಿದರೆ ಗಿಡಕ್ಕಿಂತ ಮೊದಲು ಪಾಚಿ ಸಂಭ್ರಮಿಸುತ್ತದೆ. ದಿನಕ್ಕೆ ಆರೇಳು ಗಂಟೆ ಸಾಕು.

ಉಳಿದದ್ದು ಕತ್ತರಿಯ ಕೆಲಸ. ತುದಿಯ ಚಿಗುರಿನಲ್ಲಿ ಹುಟ್ಟುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿನ ಮೊಗ್ಗುಗಳನ್ನು ಏಳಗೊಡುವುದಿಲ್ಲ. ತುದಿ ಹೋಯಿತೋ, ಗೆಣ್ಣಿನಿಂದ ಎರಡು ಕವಲು ಹೊರಡುತ್ತವೆ. ಊರಲ್ಲಿ ಅಮ್ಮ ತುಳಸಿಯ ಕದಿರು ಚಿವುಟುತ್ತಿದ್ದುದರ ಗುಟ್ಟು ಇಷ್ಟೇ. ಕತ್ತರಿಸಿದ ರೊಟಾಲಾದ ಬಾಯಿಂದ ಸಣ್ಣ ಗುಳ್ಳೆಗಳು ಸರ ಕಟ್ಟಿ ಮೇಲೇರುವುದನ್ನು ನೋಡುತ್ತ ಕೂತರೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ಗೊತ್ತಾಗುವುದಿಲ್ಲ. ಕತ್ತರಿಸಿದ ತುದಿಯನ್ನು ಎಸೆಯಬಾರದು; ಕೆಳಗಿನ ಎಲೆ ಕಿತ್ತು ಚಿಮುಟದಲ್ಲಿ ಹಿಡಿದು ಮರಳಿಗೆ ಚುಚ್ಚಬೇಕು. ನೇರ ಚುಚ್ಚಿದರೆ ಚಿಮುಟ ಬಿಟ್ಟೊಡನೆ ತೇಲಿ ಮೇಲೆ ಬರುತ್ತದೆ. ಓರೆಯಾಗಿ ಚುಚ್ಚಿದರೆ ನಿಲ್ಲುತ್ತದೆ, ಕೆಲವೇ ದಿನಗಳಲ್ಲಿ ಗೆಣ್ಣಿನಿಂದ ಬಿಳಿ ಬೇರಿನ ಎಳೆ ಇಣುಕುತ್ತದೆ.

ಕೊಂಡು ತಂದ ಹೊಸತರಲ್ಲಿ ಎಲೆಯೆಲ್ಲ ಕರಗಿತೆಂದು ಗಾಬರಿಯಾಗುವವರಿದ್ದಾರೆ. ರೊಟಾಲಾ ಜಾತಿಯವು ಗದ್ದೆ, ಹೊಂಡ, ತೋಡಿನಂಚಿನ ಗಿಡಗಳು. ಮಳೆಗಾಲದಲ್ಲಿ ಮುಳುಗಿ, ನೀರಿಳಿದಾಗ ಮೇಲೆದ್ದು, ಎರಡು ಬಾಳಿಗೆ ಎರಡು ಬಗೆಯ ಎಲೆ ಇಟ್ಟುಕೊಂಡವು. ನರ್ಸರಿಯಲ್ಲಿ ಗಾಳಿಯಲ್ಲಿ ಬೆಳೆಸಿದ್ದನ್ನು ನೀರಿಗಿಳಿಸಿದರೆ ಹಳೆಯ ಎಲೆ ಬಿಟ್ಟು ಹೊಸದು ಹಾಕುತ್ತವೆ. ಕಡುಗೆಂಪಿನ ರೊಟಾಲಾ ಮ್ಯಾಕ್ರಾಂಡ್ರಾವಂತೂ ನಮ್ಮ ಪಶ್ಚಿಮಘಟ್ಟದ್ದು. ಪ್ಲಾಸ್ಟಿಕ್ ಡಬ್ಬಿ ಸೇರಿ ಲ್ಯಾಟಿನ್ ಹೆಸರು ಹೊತ್ತು ಬರುವುದರಿಂದ ವಿದೇಶಿ ಎಂದುಕೊಂಡು ದುಡ್ಡು ಕೊಡುತ್ತೇವೆ. ಅದಕ್ಕೆ ಮೆದುನೀರು ಇಷ್ಟ. ತಾನಸಾ, ಭಾತಸಾ, ವೈತರಣಾ ಜಲಾಶಯಗಳಿಂದ ನಲ್ಲಿಗೆ ಬರುವ ನೀರು ಮೆದುವೇ, ಕ್ಲೋರಿನ್ ಹೋಗಲು ಒಂದು ರಾತ್ರಿ ಬಕೆಟ್ಟಿನಲ್ಲಿಟ್ಟರಾಯಿತು. ತೊಂದರೆಯೇನಿದ್ದರೂ ಮೇ ತಿಂಗಳದ್ದು. ನೀರು 30 ಡಿಗ್ರಿ ದಾಟಿದರೆ ಕೆಂಪು ಗಿಡಗಳು ಸೊರಗುತ್ತವೆ. ಪುಟ್ಟ ಫ್ಯಾನು ಇಟ್ಟರೆ ನೀರು ಆವಿಯಾಗಿ ತಣಿಯಬೇಕು, ಆದರೆ ಇಲ್ಲಿನ ಗಾಳಿಯೇ ಒದ್ದೆ, ಆವಿಯಾಗುವುದೆಲ್ಲಿಂದ! ಆಗ ಮರ್ಯಾದೆ ಉಳಿಸುವುದು ಬಕೋಪಾ, ಅಂದರೆ ನೀರುಬ್ರಾಹ್ಮಿ. ದಪ್ಪ ಎಲೆ, ನಿಧಾನದ ಬೆಳವಣಿಗೆ, ಸೆಕೆಗೆ ಜಗ್ಗುವುದಿಲ್ಲ. ಕೆಂಪು ಗಿಡ ನೆಂಟರಿಗೆ ತೋರಿಸಲಿಕ್ಕೆ, ಬಕೋಪಾ ನನಗೆ.

ಕತ್ತರಿ ಆಡಿದಷ್ಟೂ ತುಂಡು ಹೆಚ್ಚುತ್ತದೆ. ಅದನ್ನು ನಾಲಾಕ್ಕೆ ಬಿಡಬಾರದು. ನಮ್ಮ ಕಡೆಯದೇ ಆದ ಹೈಗ್ರೋಫಿಲಾ ಪಾಲಿಸ್ಪರ್ಮಾ ಅಕ್ವೇರಿಯಂ ವ್ಯಾಪಾರದ ಬೆನ್ನು ಹತ್ತಿ 1945ರ ಸುಮಾರಿಗೆ ಅಮೆರಿಕ ಸೇರಿತು. ಈಗ ಫ್ಲೋರಿಡಾದ ಕಾಲುವೆಗಳನ್ನು ಕಟ್ಟಿ, ಅಲ್ಲಿನ ಸರಕಾರದ ಹಾನಿಕರ ಕಳೆಗಳ ಪಟ್ಟಿಯಲ್ಲಿದೆ. ದಕ್ಷಿಣ ಅಮೆರಿಕದ ನೇರಳೆ ಹೂವಿನ ಜಲಕಳೆ ನಮ್ಮ ಪೊವಾಯಿ ಕೆರೆಯಲ್ಲಿ ಹಬ್ಬಿರುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಳಚೆ ತುಂಬಿದ ಮಿಠಿ ನದಿಗೆ ಬಿದ್ದರೆ ಗಿಡವೇ ಸತ್ತೀತು ಎಂದು ನಗುವವರಿದ್ದಾರೆ. ಇರಲಿ, ನಾನು ಚೀಲಕ್ಕೆ ಹಾಕಿ ಬಿಲ್ಡಿಂಗಿನಲ್ಲಿ ಹಂಚುತ್ತೇನೆ. ನಾಲ್ಕನೆಯ ಮಹಡಿಯ ಕಾಕೂ ಬೇಡ ಬೇಡವೆನ್ನುತ್ತಲೇ ಒಯ್ದು ಹಾರ್ಲಿಕ್ಸ್ ಬಾಟಲಿಯಲ್ಲಿ ಶುರುಮಾಡಿದವರು, ಈಗ ನನಗಿಂತ ದೊಡ್ಡ ಟ್ಯಾಂಕಿಟ್ಟು, ಹೆಚ್ಚಾದ ಗಿಡದ ಚೀಲವನ್ನು ಲಿಫ್ಟಿನಲ್ಲಿ ಕೆಳಗೆ ಕಳಿಸುತ್ತಾರೆ. ಬೇಡವೆನ್ನಲು ನನಗೂ ಬರುವುದಿಲ್ಲ.