ಏಳನೆಯ ನಂಬರಿನ ರೈಲಿನ ಕೆಳಗೆ

ನ್ಯೂಯಾರ್ಕಿನ ಏಳನೆಯ ನಂಬರಿನ ರೈಲು ಮ್ಯಾನ್‌ಹಟನ್ ಬಿಟ್ಟು, ನದಿಯ ಅಡಿಯಿಂದ ಹಾದು ಕ್ವೀನ್ಸ್ ಸೇರುತ್ತಿದ್ದಂತೆ ಸುರಂಗದಿಂದ ಮೇಲೆದ್ದು ಕಬ್ಬಿಣದ ಕಂಬಗಳ ಮೇಲೆ ಓಡತೊಡಗುತ್ತದೆ. 74ನೆಯ ಬೀದಿಯ ನಿಲ್ದಾಣದಲ್ಲಿ ಮೆಟ್ಟಿಲಿಳಿದರೆ ರೂಸ್‌ವೆಲ್ಟ್ ಅವೆನ್ಯೂ. ತಲೆಯ ಮೇಲೆ ಹಳಿಗಳು ಚಪ್ಪರ ಹಾಕಿದಂತಿದ್ದು, ಮಟಮಟ ಮಧ್ಯಾಹ್ನವೂ ಕೆಳಗೆ ಅರೆನೆರಳು. ರೈಲು ಹಾದುಹೋಗುವಷ್ಟು ಹೊತ್ತು ಮಾತನಾಡುವವರು ಬಾಯಿ ಮುಚ್ಚಿಕೊಂಡು ನಿಲ್ಲುತ್ತಾರೆ. ರೈಲು ಹೋದ ಮೇಲೆ ಬಿಟ್ಟ ಮಾತನ್ನು ಅಲ್ಲಿಂದಲೇ ಮುಂದುವರಿಸುತ್ತಾರೆ.

ಇದು ಜಾಕ್ಸನ್ ಹೈಟ್ಸ್. 1917ರಲ್ಲಿ ರೈಲು ಬಂದ ಮೇಲೆ ಬೆಳೆದ ಬಡಾವಣೆ. 1965ರಲ್ಲಿ ಅಮೆರಿಕ ತನ್ನ ವಲಸೆ ಕಾಯಿದೆಯನ್ನು ಬದಲಿಸಿ ಏಷ್ಯಾದವರಿಗೆ ಬಾಗಿಲು ತೆರೆದ ಬಳಿಕ 74ನೆಯ ಬೀದಿಯಲ್ಲಿ ಸೀರೆ ಅಂಗಡಿ, ಚಿನ್ನದ ಅಂಗಡಿ, ಬೇಳೆಕಾಳಿನ ಅಂಗಡಿಗಳು ಒಂದೊಂದಾಗಿ ಎದ್ದವು. ಪಕ್ಕದ ಚೌಕದಲ್ಲಿ ಇಂದು ಟಿಬೆಟಿನ ಮೊಮೊ, ಬಂಗಾಳಿ ಮಿಠಾಯಿ, ಬೀಡಾ ಎಲ್ಲವೂ ಸಿಗುತ್ತವೆ. ಅಲ್ಲಿದ್ದ ‘ಈಗಲ್’ ಚಿತ್ರಮಂದಿರದಲ್ಲಿ 2009ರವರೆಗೆ ಹಿಂದಿ ಚಿತ್ರಗಳು ಓಡುತ್ತಿದ್ದವು. ಅದರ ಮೂಲ ಹೆಸರು ‘ಅರ್ಲ್’. ಸಂಸಾರಸ್ಥರು ಕಾಲಿಡದಂಥ ಚಿತ್ರಗಳಿಗೆ ಹೆಸರಾಗಿದ್ದ ಮಂದಿರವದು. ಇಂಗ್ಲಿಷ್ ಫಲಕದ ಒಂದೇ ಒಂದು ಅಕ್ಷರ ಬದಲಾಯಿಸಿದ್ದೇ ತಡ, ‘ಈಗಲ್’ ಆಗಿ ಸಂಸಾರಸ್ಥರನ್ನು ಕರೆಯಿತು.

ಫಲಕದ ಒಂದಕ್ಷರಕ್ಕೆ ಇಷ್ಟು ಬೆಲೆಯಿರುವ ಬೀದಿಯಲ್ಲಿ ಫಲಕಗಳನ್ನು ಎಚ್ಚರದಿಂದ ಓದುವುದು ಒಳ್ಳೆಯದು. ರೈಲಿನ ಕೆಳಗಿನ ಮಹಡಿ ಕಿಟಕಿಗಳ ತುಂಬ ಅವೇ ಮಾತುಗಳು: ವಲಸೆ ಸಲಹೆ, ಆದಾಯ ತೆರಿಗೆ, ಭಾಷಾಂತರ, ಪಾಸ್‌ಪೋರ್ಟ್ ಫೋಟೊ, ಡ್ರೈವಿಂಗ್ ಶಾಲೆ. ಕೆಲವು ಇಂಗ್ಲಿಷಿನಲ್ಲಿ, ಕೆಲವು ಬಂಗಾಳಿಯಲ್ಲಿ, ಬಹಳಷ್ಟು ಸ್ಪ್ಯಾನಿಷಿನಲ್ಲಿ. ಒಂದೇ ಮೇಜಿನ ಹಿಂದೆ ಕುಳಿತ ಒಬ್ಬರೇ ಈ ಐದೂ ಕೆಲಸ ಮಾಡುವುದುಂಟು.

ನೋಟರಿ ಎಂಬ ಪದದ ಮೋಸ

ನಮ್ಮ ತಾಲ್ಲೂಕು ಕಚೇರಿಗಳ ಮುಂದೆ ಮರದ ನೆರಳಿನಲ್ಲಿ ಕುಳಿತ ಪತ್ರ ಬರಹಗಾರರನ್ನು ನೋಡಿದವರಿಗೆ ಈ ದೃಶ್ಯ ಹೊಸದಲ್ಲ. ಅರ್ಜಿ ಬರೆದುಕೊಡುವುದು ತಪ್ಪೂ ಅಲ್ಲ. ಆದರೆ ಯಾವ ಅರ್ಜಿ ಹಾಕಬೇಕು, ಹಾಕಿದರೆ ಏನಾದೀತು ಎಂದು ಹೇಳುವುದು ಬೇರೆಯೇ ಕೆಲಸ. ಅಮೆರಿಕದಲ್ಲಿ ಆ ಸಲಹೆ ಕೊಡುವ ಹಕ್ಕು ಇಬ್ಬರಿಗೆ ಮಾತ್ರ. ಒಬ್ಬರು, ಯಾವುದಾದರೊಂದು ರಾಜ್ಯದಲ್ಲಿ ಸನ್ನದು ಪಡೆದ ವಕೀಲರು. ಇನ್ನೊಬ್ಬರು, ನ್ಯಾಯ ಇಲಾಖೆ ಮಾನ್ಯ ಮಾಡಿದ ಸೇವಾ ಸಂಸ್ಥೆಗಳಲ್ಲಿ ಕೆಲಸ ಮಾಡುವ, ಇಲಾಖೆಯಿಂದಲೇ ಮಾನ್ಯತೆ ಪಡೆದ ಪ್ರತಿನಿಧಿಗಳು. ಮಿಕ್ಕವರು ‘ಕನ್ಸಲ್ಟೆಂಟ್’ ಎಂದುಕೊಳ್ಳಲಿ, ‘ತಜ್ಞ’ ಎಂದುಕೊಳ್ಳಲಿ, ಹೇಳಿದ್ದನ್ನು ನಮೂನೆಯಲ್ಲಿ ತುಂಬಿಕೊಡುವಷ್ಟಕ್ಕೆ ಅವರ ಅಧಿಕಾರ ಮುಗಿಯುತ್ತದೆ.

ಹೆಚ್ಚು ಜನ ಮೋಸ ಹೋಗುವುದು ‘ನೋಟರಿ’ ಎಂಬ ಪದದಿಂದ. ಲ್ಯಾಟಿನ್ ಅಮೆರಿಕದ ದೇಶಗಳಲ್ಲಿ ‘ನೋಟಾರಿಯೋ’ ಎಂದರೆ ಕಾನೂನು ಓದಿದ ದೊಡ್ಡ ಮನುಷ್ಯ. ಭಾರತದವರ ಅಭ್ಯಾಸವೂ ಇದಕ್ಕಿಂತ ಬಹಳ ದೂರವಿಲ್ಲ. ನಮ್ಮಲ್ಲಿ ನೋಟರಿ ಆಗಬೇಕಾದರೆ ಸಾಮಾನ್ಯವಾಗಿ ಹತ್ತು ವರ್ಷ ವಕೀಲಿ ಮಾಡಿರಬೇಕು. ಹೀಗಾಗಿ ಕರಿಕೋಟಿನ ನೋಟರಿಯನ್ನೇ ಕಂಡು ಬೆಳೆದ ವಿದ್ಯಾರ್ಥಿಗೆ ಆ ಫಲಕ ಕಂಡೊಡನೆ ಒಳಗೆ ವಕೀಲರಿದ್ದಾರೆ ಎಂಬ ಭರವಸೆ ಮೂಡುತ್ತದೆ. ನ್ಯೂಯಾರ್ಕಿನಲ್ಲಿ ನೋಟರಿಯ ಕೆಲಸ ಸಹಿಗೆ ಸಾಕ್ಷಿಯಾಗಿ ಮುದ್ರೆ ಒತ್ತುವುದು, ಪ್ರಮಾಣ ಮಾಡಿಸುವುದು. ಸಣ್ಣದೊಂದು ಪರೀಕ್ಷೆ ಪಾಸಾದರೆ ದಿನಸಿ ಅಂಗಡಿಯವರೂ ನೋಟರಿ ಆಗಬಹುದು.

ರಾಜ್ಯದ ಕಾನೂನು ಈ ಬಗ್ಗೆ ಕಣ್ಣು ಮುಚ್ಚಿ ಕುಳಿತಿಲ್ಲ. ವಲಸೆ ಅರ್ಜಿಗೆ ನೆರವಾಗುವ ವಕೀಲರಲ್ಲದವರು ‘ನಾನು ವಕೀಲನಲ್ಲ, ಕಾನೂನು ಸಲಹೆ ಕೊಡಲಾರೆ’ ಎಂಬ ಅರ್ಥದ ಸೂಚನೆಯನ್ನು ಇಂಗ್ಲಿಷಿನಲ್ಲೂ ತಾವು ವ್ಯವಹರಿಸುವ ಭಾಷೆಯಲ್ಲೂ ಗೋಡೆಗೆ ಹಾಕಬೇಕು. ಲಿಖಿತ ಕರಾರು ಕೊಡಬೇಕು. ಆ ಕರಾರನ್ನು ಮೂರು ಕೆಲಸದ ದಿನಗಳೊಳಗೆ ರದ್ದುಪಡಿಸುವ ಹಕ್ಕು ಗಿರಾಕಿಗೆ ಇದೆ. ಸೂಚನೆಯನ್ನು ಕ್ಯಾಲೆಂಡರಿನ ಹಿಂದೆ ತೂಗುಹಾಕಿದ್ದರೆ ಅದನ್ನು ಹುಡುಕಿ ಓದುವುದು ಗಿರಾಕಿಯ ಪಾಲಿಗೆ ಬಿಟ್ಟದ್ದು.

ಒಬ್ಬ ಹುಡುಗನ ಐದು ತಿಂಗಳು

ಹಾಸನದ ಕಡೆಯ ಹುಡುಗನೊಬ್ಬ ಎಫ್-1 ವೀಸಾದ ಮೇಲೆ ಓದಲು ಬಂದಿದ್ದಾನೆ ಎಂದುಕೊಳ್ಳಿ. ಎರಡನೆಯ ಸೆಮಿಸ್ಟರಿನಲ್ಲಿ ಕಾಯಿಲೆ ಬಿದ್ದು, ಎರಡು ವಿಷಯ ಕೈಬಿಡುತ್ತಾನೆ. ವಿಶ್ವವಿದ್ಯಾಲಯದಲ್ಲಿ ವಿದೇಶಿ ವಿದ್ಯಾರ್ಥಿಗಳ ದಾಖಲೆ ನೋಡಿಕೊಳ್ಳುವ ಅಧಿಕಾರಿಗೆ ವೈದ್ಯರ ಪತ್ರ ತೋರಿಸಿ ಮೊದಲೇ ಒಪ್ಪಿಗೆ ಪಡೆದಿದ್ದರೆ ಏನೂ ಆಗುತ್ತಿರಲಿಲ್ಲ. ನಿಯಮದಲ್ಲೇ ಅದಕ್ಕೆ ಅವಕಾಶವಿದೆ. ಹೇಳದೆ ಬಿಟ್ಟದ್ದರಿಂದ ಅವನ ದಾಖಲೆ ರದ್ದಾಗುತ್ತದೆ. ಊರಿಗೆ ತಿಳಿಸಲು ಧೈರ್ಯವಿಲ್ಲ. ಅಪ್ಪ ಅಡಿಕೆ ತೋಟದ ಮೇಲೆ ಸಾಲ ಎತ್ತಿದ್ದಾರೆ.

ಇಲ್ಲಿಂದ ಎರಡು ದಾರಿ. ಹೀಗೆ ತಪ್ಪಿದ ವಿದ್ಯಾರ್ಥಿ ಸಾಮಾನ್ಯವಾಗಿ ಐದು ತಿಂಗಳೊಳಗೆ, ವಿಶ್ವವಿದ್ಯಾಲಯದ ಶಿಫಾರಸಿನೊಂದಿಗೆ, ತನ್ನ ವಿದ್ಯಾರ್ಥಿ ಸ್ಥಾನವನ್ನು ಮರಳಿ ಕೊಡುವಂತೆ ಅರ್ಜಿ ಹಾಕಬಹುದು. ಇದು ಮೊದಲ ದಾರಿ. ಎರಡನೆಯದು ರೈಲಿನ ಕೆಳಗಿನ ಮಹಡಿಯಲ್ಲಿ ಸಿಗುವ ದಾರಿ: ‘ಚಿಂತೆ ಬೇಡ, ಇಲ್ಲಿ ಸಹಿ ಹಾಕು, ಕೆಲಸದ ಪರವಾನಗಿ ಬರುತ್ತೆ.’ ಸಹಿ ಹಾಕಿದ ಕಾಗದ ರಾಜಕೀಯ ಆಶ್ರಯ ಕೋರುವ ಅರ್ಜಿಯೂ ಆಗಿರಬಹುದು, ಹುಡುಗ ಕಂಡರಿಯದ ಕಿರುಕುಳದ ಕಥೆ ಅದರೊಳಗೆ ಇರಬಹುದು. ಅಂಥ ಅರ್ಜಿ ತಿಳಿದೂ ತಿಳಿದೂ ಕಟ್ಟಿದ ಸುಳ್ಳೆಂದು ನಿರ್ಣಯವಾದರೆ ಅಮೆರಿಕದ ವಲಸೆ ಸೌಲಭ್ಯಗಳ ಬಾಗಿಲು ಆಜೀವ ಪರ್ಯಂತ ಮುಚ್ಚಿಹೋಗುತ್ತದೆ. ಅಷ್ಟರಲ್ಲಿ ಐದು ತಿಂಗಳೂ ಕಳೆದಿರುತ್ತವೆ.

ವಿಷಯ ಕೈಬಿಟ್ಟ ತಪ್ಪಿಗಿಂತ ಸಲಹೆ ಕೇಳಿದ ಜಾಗದ ತಪ್ಪು ದೊಡ್ಡದಾಯಿತು.

ಅವನು ಮೊದಲು ಹೋಗಬೇಕಿದ್ದುದು ವಿಶ್ವವಿದ್ಯಾಲಯದ ಅದೇ ಅಧಿಕಾರಿಯ ಬಳಿಗೆ. ಶಿಫಾರಸು ಅಲ್ಲಿಂದಲೇ ಬರಬೇಕು. ಆದರೆ ಆ ಅಧಿಕಾರಿ ವಿಶ್ವವಿದ್ಯಾಲಯದ ನೌಕರರೇ ಹೊರತು ವಿದ್ಯಾರ್ಥಿಯ ವಕೀಲರಲ್ಲ. ಮುಂದೆ ಕೆಲಸ ಸಿಕ್ಕಾಗ ಕಂಪನಿ ಗೊತ್ತುಮಾಡುವ ವಕೀಲರಿಗೂ ಶುಲ್ಕ ಕೊಡುವುದು ಕಂಪನಿ. ಇಬ್ಬರ ಹಿತವೂ ಒಂದೇ ಆಗಿರುವವರೆಗೆ ಸರಿ. ಬೇರೆಯಾದ ದಿನ ತನ್ನದೇ ವಕೀಲರು ಬೇಕು.

ಸನ್ನದು ಇದ್ದರೆ ಸಾಕೆ?

ವಕೀಲರ ಸನ್ನದನ್ನು ಪರೀಕ್ಷಿಸುವುದು ಐದು ನಿಮಿಷದ ಕೆಲಸ. ಯಾವ ರಾಜ್ಯದಲ್ಲಿ ಸನ್ನದು ಇದೆ ಎಂದು ಕೇಳಿ, ಆ ರಾಜ್ಯದ ನ್ಯಾಯಾಲಯದ ಅಥವಾ ವಕೀಲರ ಮಂಡಳಿಯ ಅಂತರ್ಜಾಲ ತಾಣದಲ್ಲಿ ಹೆಸರು ಹುಡುಕಿದರೆ ಸಾಕು. ಹುಡುಕುವುದಕ್ಕೆ ಕಾಸು ಕೊಡಬೇಕಾಗಿಲ್ಲ. ವಲಸೆ ಕಾನೂನು ಇಡೀ ದೇಶಕ್ಕೆ ಒಂದೇ ಆದ್ದರಿಂದ ಟೆಕ್ಸಾಸಿನ ಸನ್ನದಿನ ವಕೀಲರು ನ್ಯೂಯಾರ್ಕಿನ ವಿದ್ಯಾರ್ಥಿಯ ವಲಸೆ ಕೆಲಸ ನಡೆಸಬಹುದು. ಶಿಸ್ತುಕ್ರಮಕ್ಕೆ ಒಳಗಾದವರ ಪಟ್ಟಿಯನ್ನು ನ್ಯಾಯ ಇಲಾಖೆಯೇ ಪ್ರಕಟಿಸುತ್ತದೆ. ಅದನ್ನೂ ಒಮ್ಮೆ ನೋಡುವುದು ಕ್ಷೇಮ.

ಸನ್ನದು ಹೊಸ್ತಿಲು ಮಾತ್ರ. 2012ರ ಡಿಸೆಂಬರಿನಲ್ಲಿ ಮ್ಯಾನ್‌ಹಟನ್ನಿನ ಚೈನಾಟೌನ್ ಮತ್ತು ಇದೇ ರೈಲಿನ ಕೊನೆಯ ನಿಲ್ದಾಣವಾದ ಫ್ಲಶಿಂಗ್‌ನ ಕಚೇರಿಗಳಲ್ಲಿ ಸುಳ್ಳು ಆಶ್ರಯ ಅರ್ಜಿಗಳನ್ನು ತಯಾರಿಸಿದ ಆರೋಪ ಹೊತ್ತವರಲ್ಲಿ ಸನ್ನದುಳ್ಳ ವಕೀಲರೂ ಇದ್ದರು. ಆಸ್ತಿ ವ್ಯಾಜ್ಯದಲ್ಲಿ ನಿಪುಣರಾದವರು ವಲಸೆ ಕಾನೂನಿನಲ್ಲಿ ಹೊಸಬರಾಗಿರುವುದೂ ಉಂಟು. 1946ರಲ್ಲಿ ಸ್ಥಾಪನೆಯಾದ ಅಮೆರಿಕದ ವಲಸೆ ವಕೀಲರ ಸಂಘದ ಸದಸ್ಯರೇ ಎಂದು ಕೇಳುವುದು ಒಂದು ಅಳತೆ. ‘ನನ್ನಂಥ ವಿದ್ಯಾರ್ಥಿಗಳ ಕೆಲಸ ಈಚೆಗೆ ಎಷ್ಟು ಮಾಡಿದ್ದೀರಿ, ನನ್ನ ಕಡತ ನೋಡುವವರು ನೀವೋ ನಿಮ್ಮ ಗುಮಾಸ್ತರೋ?’ ಎಂದು ಕೇಳುವುದು ಇನ್ನೂ ಒಳ್ಳೆಯ ಅಳತೆ. ಒಳ್ಳೆಯ ವಕೀಲರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಅವರು ಮೊದಲು ಕೇಳುವುದು ಹಳೆಯ ಕಾಗದಗಳನ್ನು. ಮೊದಲ ಭೇಟಿಯಲ್ಲೇ ‘ಆಗಿಯೇ ಆಗುತ್ತದೆ’ ಎಂದು ಭಾಷೆ ಕೊಡುವುದಿಲ್ಲ. ತೀರ್ಮಾನ ಸರ್ಕಾರದ್ದಾದ ಮೇಲೆ ಗೆಲುವಿನ ಭರವಸೆ ಯಾರೂ ಕೊಡುವಂತಿಲ್ಲ.

ಶುಲ್ಕ ಎಷ್ಟು, ಅದರಲ್ಲಿ ಏನೇನು ಸೇರಿದೆ, ಸರ್ಕಾರಕ್ಕೆ ಕಟ್ಟುವ ಹಣ ಬೇರೆಯೇ ಎಂಬುದೆಲ್ಲ ಬರಹದಲ್ಲಿರಬೇಕು. ನಮ್ಮ ಕೋರ್ಟಿನ ವಕಾಲತ್ತಿನಂತೆ ಅಲ್ಲಿ ಜಿ-28 ಎಂಬ ನಮೂನೆಯಿದೆ. ವಕೀಲರು ಅದಕ್ಕೆ ಸಹಿ ಹಾಕಿದ ಮೇಲೆಯೇ ಸರ್ಕಾರದೆದುರು ಪ್ರತಿನಿಧಿಯಾಗುತ್ತಾರೆ. ‘ಕೆಲಸ ನಾನೇ ಮಾಡುತ್ತೇನೆ, ನನ್ನ ಹೆಸರು ಮಾತ್ರ ಬೇಡ’ ಎನ್ನುವವರಿಗೆ ದೂರದಿಂದಲೇ ನಮಸ್ಕಾರ ಹಾಕಬೇಕು. ಖಾಲಿ ನಮೂನೆಗೆ ಸಹಿ, ಪಾಸ್‌ಪೋರ್ಟಿನ ಮೂಲ ಪ್ರತಿಯನ್ನು ಬಿಟ್ಟುಬರುವುದು, ರಸೀದಿಯಿಲ್ಲದ ನಗದು, ಈ ಮೂರೂ ಕೂಡದು. ಅರ್ಜಿ ತಲುಪಿದ ಮೇಲೆ ಸರ್ಕಾರ ಕಳಿಸುವ ರಸೀದಿಯಲ್ಲಿ 13 ಅಕ್ಷರ-ಅಂಕಿಗಳ ಸಂಖ್ಯೆ ಇರುತ್ತದೆ. ಅದು ಕೈಯಲ್ಲಿದ್ದರೆ ಕಡತದ ಸ್ಥಿತಿಯನ್ನು ಹಾಸನದಲ್ಲಿ ಕುಳಿತ ಅಪ್ಪನೂ ನೋಡಬಹುದು.

ಫೆಡರಲ್ ಪ್ಲಾಜಾದ ಬಾಗಿಲಲ್ಲಿ

ಮ್ಯಾನ್‌ಹಟನ್ನಿನ ದಕ್ಷಿಣ ತುದಿಯ ಕಡೆಗೆ 26, ಫೆಡರಲ್ ಪ್ಲಾಜಾ ಎಂಬ ವಿಳಾಸದಲ್ಲಿ 41 ಅಂತಸ್ತಿನ ಸರ್ಕಾರಿ ಕಟ್ಟಡವಿದೆ. ಪೌರತ್ವದ ಸಂದರ್ಶನಕ್ಕೆ ಬಂದವರು, ಗಡೀಪಾರಿನ ವಿಚಾರಣೆಗೆ ಬಂದವರು ಎಲ್ಲರೂ ಒಂದೇ ತಪಾಸಣೆಯ ಸಾಲಿನಲ್ಲಿ ಬೆಲ್ಟು ಬಿಚ್ಚಿ ನಿಲ್ಲುತ್ತಾರೆ. 2025ರಲ್ಲಿ ಇಲ್ಲಿನ ವಲಸೆ ನ್ಯಾಯಾಲಯದಿಂದ ಹೊರಬಂದವರನ್ನು ಮೊಗಸಾಲೆಯಲ್ಲೇ ಹಿಡಿದೊಯ್ದ ದೃಶ್ಯಗಳು ಪತ್ರಿಕೆಗಳಲ್ಲಿ ಬಂದವು. ಕೊಲೆ ಆರೋಪಿಗೆ ವಕೀಲರನ್ನು ಇಟ್ಟುಕೊಳ್ಳಲು ಹಣವಿಲ್ಲದಿದ್ದರೆ ಸರ್ಕಾರವೇ ಒದಗಿಸುವ ಆ ದೇಶದಲ್ಲಿ ವಲಸೆ ನ್ಯಾಯಾಲಯದ ನಿಯಮ ಬೇರೆ. ವಕೀಲರನ್ನು ಇಟ್ಟುಕೊಳ್ಳುವ ಹಕ್ಕಿದೆ. ಸರ್ಕಾರದ ಖರ್ಚಿನಲ್ಲಿ ಅಲ್ಲ.

ವಿದ್ಯಾರ್ಥಿಗಳಿಗೆ ಇದು ದೂರದ ಮಾತಲ್ಲ. 2011ರಲ್ಲಿ ಕ್ಯಾಲಿಫೋರ್ನಿಯದ ಟ್ರೈ-ವ್ಯಾಲಿ ವಿಶ್ವವಿದ್ಯಾಲಯ ಬೋಗಸ್ ಎಂದು ಬಾಗಿಲು ಹಾಕಿದಾಗ ಅಲ್ಲಿ ಹೆಸರು ಹಚ್ಚಿದವರಲ್ಲಿ ಹೆಚ್ಚಿನವರು ಭಾರತೀಯರು. ಕೆಲವರ ಕಾಲಿಗೆ ನಿಗಾ ಯಂತ್ರ ಕಟ್ಟಲಾಯಿತು. 2025ರ ಏಪ್ರಿಲಿನಲ್ಲಿ ಸಾವಿರಾರು ವಿದೇಶಿ ವಿದ್ಯಾರ್ಥಿಗಳ ದಾಖಲೆ ಒಮ್ಮೆಗೇ ರದ್ದಾದಾಗ, ಅನೇಕರು ಹೆದರಿ ಮೂಟೆ ಕಟ್ಟಿದರು. ಮತ್ತೆ ಕೆಲವರು ವಕೀಲರ ಮೂಲಕ ನ್ಯಾಯಾಲಯಕ್ಕೆ ಹೋದರು. ಒಂದರ ಹಿಂದೊಂದು ತಡೆಯಾಜ್ಞೆ ಬರತೊಡಗಿ, ಅದೇ ತಿಂಗಳ ಕೊನೆಗೆ ಸರ್ಕಾರ ದಾಖಲೆಗಳನ್ನು ಮರಳಿ ಕೊಡಲು ಒಪ್ಪಿತು.

ಹಣವಿಲ್ಲದವರಿಗೆ ದಾರಿಯೇ ಇಲ್ಲವೆಂದಲ್ಲ. ಉಚಿತ ನೆರವು ಕೊಡುವವರ ಪಟ್ಟಿಯನ್ನು ವಲಸೆ ನ್ಯಾಯಾಲಯವೇ ಕೊಡುತ್ತದೆ. 1876ರಿಂದ ನಡೆದುಬಂದಿರುವ ಲೀಗಲ್ ಏಡ್ ಸೊಸೈಟಿಯಲ್ಲಿ ವಲಸೆ ವಿಭಾಗವಿದೆ. ಕೆಲವು ಕಾನೂನು ಕಾಲೇಜುಗಳಲ್ಲಿ ಪ್ರಾಧ್ಯಾಪಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳೇ ಇಂಥ ಕೆಲಸ ನಡೆಸುತ್ತಾರೆ.

ಏಳನೆಯ ರೈಲಿನ ಕೊನೆಯ ನಿಲ್ದಾಣ ಫ್ಲಶಿಂಗ್. ಅಲ್ಲಿಂದ ಸ್ವಲ್ಪ ದೂರ ನಡೆದರೆ 1977ರಲ್ಲಿ ಪ್ರತಿಷ್ಠಾಪನೆಯಾದ ಗಣಪತಿ ದೇವಸ್ಥಾನ. ಅದರ ನೆಲಮಾಳಿಗೆಯ ಕ್ಯಾಂಟೀನಿನಲ್ಲಿ ಭಾನುವಾರ ದೋಸೆಗೆ ಸಾಲು. ‘ನಮ್ಮ ಅಣ್ಣನ ಕೆಲಸ ಮಾಡಿಕೊಟ್ಟ ವಕೀಲರೊಬ್ಬರಿದ್ದಾರೆ’ ಎಂಬ ಮಾತು ಇಂಥ ಮೇಜುಗಳಲ್ಲೇ ಕೈ ಬದಲಾಯಿಸುವುದು. ಹಿರಿಯರ ಶಿಫಾರಸು ಒಳ್ಳೆಯದೇ. ಆದರೆ ಅಣ್ಣನ ಕಡತವೇ ಬೇರೆ, ತಮ್ಮನ ಕಡತವೇ ಬೇರೆ. ಆ ಹೆಸರನ್ನು ಬರೆದುಕೊಂಡು, ಇನ್ನೆರಡು ಹೆಸರು ಸೇರಿಸಿ, ಮೂರನ್ನೂ ಪರೀಕ್ಷಿಸಿ, ಇಬ್ಬರನ್ನಾದರೂ ಕಂಡು ಮಾತನಾಡಿ ಆಮೇಲೆ ಒಬ್ಬರನ್ನು ಆರಿಸುವುದು ಜಾಣತನ. ಹೆಣ್ಣು ನೋಡಲು, ಹೊಲ ಕೊಳ್ಳಲು ನಾಲ್ಕು ಕಡೆ ವಿಚಾರಿಸುವ ಮನೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಆದರೆ ವಿಚಾರಿಸಲು ಅವರಿಗೆ ವಿಷಯ ಗೊತ್ತಿರಬೇಕು. ಫ್ಲಶಿಂಗಿನಲ್ಲಿ ರಾತ್ರಿ ಒಂಬತ್ತಾದಾಗ ಹಾಸನದಲ್ಲಿ ಬೆಳಗಿನ ಕಾಫಿಯ ಹೊತ್ತು. ಬೈಗುಳಕ್ಕೆ ಹೆದರಿ ಆ ಹುಡುಗ ಮುಂದೂಡಿದ ಫೋನ್ ಕರೆಗೆ ಅದಕ್ಕಿಂತ ಒಳ್ಳೆಯ ಸಮಯವಿಲ್ಲ. ಐದು ತಿಂಗಳಲ್ಲಿ ಇನ್ನೂ ನಾಲ್ಕು ಉಳಿದಿರುವಾಗ ‘ಅಪ್ಪಾ, ಒಂದು ತಪ್ಪಾಗಿದೆ’ ಎಂದು ಹೇಳಿದರೆ, ತೋಟವೂ ಉಳಿದೀತು, ಓದೂ ಉಳಿದೀತು.