ಬೈಕಿಗೆ ಅಂಗಿ ಹೊಲಿಸಿದ್ದು

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆಯನ್ನು ನಾವು ಮಗನ ಮೇಲೆ ಪ್ರಯೋಗಿಸಿದ್ದು, ಅವನು ತನ್ನ ಹಳೆಯ ಯಮಾಹಾ ಆರ್15 ಬೈಕಿಗೆ ಹೊಸ ಹೊದಿಕೆ ಬೇಕೆಂದ ದಿನ. ಕಂಪನಿಯವರೇ ಕೊಟ್ಟ ಪ್ಲಾಸ್ಟಿಕ್ ಹೊದಿಕೆ ಇದೆಯಲ್ಲ ಎಂದರೆ, “ಅದು ರಸ್ತೆಗಪ್ಪಾ, ಇದು ಟ್ರ್ಯಾಕಿಗೆ” ಎಂದ.

ಟ್ರ್ಯಾಕು ಎಂದರೆ ಶ್ರೀಪೆರುಂಬುದೂರಿನ ಹತ್ತಿರ ಇರುಂಗಾಟ್ಟುಕೋಟ್ಟೈಯಲ್ಲಿರುವುದು. ಹಿಂದೆ ಷೋಳಾವರಂನ ಯುದ್ಧಕಾಲದ ವಿಮಾನಪಥದ ಮೇಲೆ ಪಂದ್ಯಗಳು ನಡೆಯುತ್ತಿದ್ದವು. 1990ರಲ್ಲಿ ಇಲ್ಲಿ ಸುಮಾರು 3.7 ಕಿಲೋಮೀಟರಿನ ಹಾದಿ ಸಿದ್ಧವಾಯಿತು. ಅಲ್ಲಿ ಓಡುವ ಗಾಡಿಗೆ ದೀಪ, ಕನ್ನಡಿ ಏನೂ ಬೇಡ. ಬಿದ್ದರೆ ಕಂಪನಿಯ ಪ್ಲಾಸ್ಟಿಕ್ಕಿನ ಕೊಕ್ಕೆಗಳು ಪಟಪಟನೆ ಮುರಿಯುತ್ತವೆ. ಗಾಜಿನ ನಾರು, ರೆಸಿನ್ ಸೇರಿಸಿ ಮಾಡಿದ ಫೈಬರ್ ಹೊದಿಕೆಗಾದರೋ ಮನೆಯಲ್ಲೇ ತೇಪೆ ಹಾಕಬಹುದು.

ಜಿ.ಪಿ. ರೋಡಿನ ಅಂಗಡಿಗಳನ್ನೆಲ್ಲ ಸುತ್ತಿದ ಮೇಲೆ ಎರಡು ಬಗೆ ಕಂಡವು. ಒಂದು ಬಣ್ಣ ಬಳಿದ, ತೆಳ್ಳಗಿನ, ಕೆಳಗೆ ತೆರೆದ ಹೊದಿಕೆ, ಬೆಲೆಯೂ ಕಡಿಮೆ. ಇನ್ನೊಂದು ಬೂದುಬಣ್ಣದ್ದು, ದಪ್ಪ. ತಳ ದೋಣಿಯ ಹಾಗೆ ಮುಚ್ಚಿತ್ತು. ನಮ್ಮ ಕೈ ಸಹಜವಾಗಿ ಅಗ್ಗದ ಕಡೆ ಹೋಯಿತು. ಮಗ ಒಪ್ಪಲಿಲ್ಲ. ಎಂಜಿನ್ ಒಡೆದರೆ ಎಣ್ಣೆ ಹಾದಿಗೆ ಚೆಲ್ಲಬಾರದು. ಎಣ್ಣೆ ಮತ್ತು ಕೂಲೆಂಟ್ ಒಟ್ಟು ಎಷ್ಟಿದೆಯೋ ಅದರ ಅರ್ಧವನ್ನಾದರೂ ಆ ದೋಣಿ ಹಿಡಿಯಬೇಕೆಂಬುದು ಅಂತರರಾಷ್ಟ್ರೀಯ ನಿಯಮವಂತೆ.

ಮನೆಗೆ ಬಂದ ಮೇಲೆ ಮೆಲ್ಲಗೆ ಇನ್ನೊಂದು ಮಾತು ಹೊರಬಿತ್ತು. ಅವನ ಸ್ನೇಹಿತ ಯಾರದೋ ಗಾಡಿಯ ಎಣ್ಣೆಯ ಮೇಲೆ ಜಾರಿ ಕೊರಳೆಲುಬು ಮುರಿದುಕೊಂಡಿದ್ದ. ನಮ್ಮಾಕೆ ಆ ರಾತ್ರಿ ಊಟ ಮಾಡಲಿಲ್ಲ. “ಬೈಕೂ ಬೇಡ, ಹೊದಿಕೆಯೂ ಬೇಡ” ಎಂದಳು. ಮೂರು ದಿನ ಮನೆಯಲ್ಲಿ ಮಾತಿಲ್ಲ. ನಾಲ್ಕನೆಯ ದಿನ ಅವಳೇ, “ಹೇಗೂ ಹೋಗೇ ಹೋಗ್ತಾನೆ ರೀ. ದಪ್ಪದ್ದೇ ತನ್ನಿ” ಎಂದಳು.

ಬಂದದ್ದರಲ್ಲಿ ಒಂದು ತೂತೂ ಇರಲಿಲ್ಲ; ಎಲ್ಲವನ್ನೂ ನಾವೇ ಕೊರೆಯಬೇಕು. ಮೊದಲು ಟೇಪಿನಿಂದ ಅಂಟಿಸಿ, ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಎಲ್ಲಿಯೂ ತಾಗದೆಂದು ನೋಡಬೇಕು. ಬಿಸಿಯಾಗುವ ಸೈಲೆನ್ಸರ್ ಕೊಳವೆಗೂ ಫೈಬರಿಗೂ ನಡುವೆ ಜಾಗ ಬಿಡಬೇಕು. ತೂತು ಬೋಲ್ಟಿಗಿಂತ ತುಸು ದೊಡ್ಡದಿದ್ದು ರಬ್ಬರ್ ವಾಷರ್ ಇರಬೇಕು; ಇಲ್ಲದಿದ್ದರೆ ನಡುಕಕ್ಕೆ ಬಿರುಕು ಬಿಡುತ್ತದೆ. ಇಷ್ಟೆಲ್ಲ ತಿಳಿದೂ ನಮ್ಮ ಮೊದಲ ತೂತು ಅರ್ಧ ಅಂಗುಲ ಆಚೆ ಬಿತ್ತು. ಮುಚ್ಚಲು ರೆಸಿನ್ ಕಲಸಿದೆವು. ಹಾರ್ಡನರ್ ಹೆಚ್ಚಾಗಿ, ಚೆನ್ನೈ ಸೆಕೆಯೂ ಸೇರಿ, ಬಟ್ಟಲಲ್ಲೇ ಬಿಸಿಯಾಗಿ ಕಲ್ಲಾಯಿತು. ನಮ್ಮ ಬಿ.ಎಸ್ಸಿ. ಪದವಿಯನ್ನು ಕುರಿತು ಮಗ ಏನೂ ಹೇಳಲಿಲ್ಲ, ನಕ್ಕನಷ್ಟೆ.

ಕೊನೆಗೆ ದೋಣಿಯನ್ನು ಬಚ್ಚಲಲ್ಲಿಟ್ಟು, ಲೀಟರ್ ಪಾತ್ರೆಯಲ್ಲಿ ಅಳೆದು ನೀರು ಸುರಿದೆವು. ಲೆಕ್ಕಕ್ಕೆ ಬೇಕಾದಷ್ಟು ಹಿಡಿಯಿತು. ಆದರೆ ಮಳೆನೀರು ಹೋಗಲು ತಳದಲ್ಲೊಂದು ತೂತಿದೆ. ಒಣಹವೆಯಲ್ಲಿ ಅದನ್ನು ರಬ್ಬರ್ ಬಿರಡೆಯಿಂದ ಮುಚ್ಚಿರಬೇಕು. ಆ ಬಿರಡೆಯ ಪಕ್ಕದಲ್ಲಿ ಹನಿ ಜಿನುಗುತ್ತಿದ್ದುದನ್ನು ಮೊದಲು ಕಂಡವಳು ನಮ್ಮಾಕೆ. ಬಿರಡೆ ಬದಲಾಯಿತು. ರಾತ್ರಿ ಅವಳು ದೋಣಿಯ ಕೆಳಗೆ ಹಳೆಯ ಪೇಪರ್ ಹಾಸಿದಳು.

“ಬೇರೆಯವರ ಮನೆ ಮಗು ನಮ್ಮ ಎಣ್ಣೇಲಿ ಜಾರಬಾರದು” ಎಂದಳು.

ಬೆಳಿಗ್ಗೆ ಎದ್ದು ನೋಡಿದೆವು. ಪೇಪರ್ ಒಣಗಿಯೇ ಇತ್ತು. ನಮ್ಮ ಮಗನ ಮುಂದೆ ಓಡುವ ಹುಡುಗನ ಮನೆಯಲ್ಲೂ ಯಾರಾದರೂ ಹೀಗೆ ಪೇಪರ್ ಹಾಸಿ ನೋಡಿರಲಿ ಎಂದುಕೊಂಡೆವು.