ಅಡ್ವಾನ್ಸ್ಡ್ ಒತ್ತಿ, ಪ್ರೊಸೀಡ್ ಕೊಡಿ

ಕಳೆದ ರಾಜ್ಯೋತ್ಸವದ ದಿನ ಸೀನಿಯರ್‌ಗಳ ಜೊತೆ ಆನ್‌ಲೈನ್ ಹರಟೆ ಇಟ್ಟುಕೊಂಡಿದ್ದು ನಿಮಗೆ ನೆನಪಿರಬಹುದು. ಅದು ಅರ್ಧ ಗಂಟೆ ತಡವಾಗಿ ಶುರುವಾಗಿದ್ದೂ ನೆನಪಿರುತ್ತೆ. ಆವತ್ತು "ನೆಟ್‌ವರ್ಕ್ ಪ್ರಾಬ್ಲಮ್" ಅಂತ ಜಾರಿಕೊಂಡಿದ್ವಿ. ನೆಟ್‌ವರ್ಕ್ ಚೆನ್ನಾಗೇ ಇತ್ತು. ತಪ್ಪು ನಮ್ಮದು.

ಫ್ರೀ ಮೀಟಿಂಗ್ 40 ನಿಮಿಷಕ್ಕೆ ಕಟ್ ಆಗುತ್ತೆ ಅಂತ ಜುಲೈ ಕೊನೆಗೆ ನಾವು ನಾಲ್ಕು ಜನ ಸೇರಿ ಬಾಡಿಗೆ ಸರ್ವರ್ ಒಂದರಲ್ಲಿ ಜಿಟ್ಸಿ ಹಾಕಿದ್ವಿ. ಸರ್ಟಿಫಿಕೇಟ್ ಲೆಟ್ಸ್ ಎನ್‌ಕ್ರಿಪ್ಟ್‌ದು. ಪುಕ್ಕಟೆ, ಆದರೆ ಆಯಸ್ಸು 90 ದಿನ. ಕೊನೆಯ 30 ದಿನಗಳಲ್ಲಿ ಸರ್ಟ್‌ಬಾಟ್ ತಾನೇ ರಿನ್ಯೂ ಮಾಡಿಕೊಳ್ಳುತ್ತೆ. ಹಾಗಾಗಿ ಅದನ್ನ ಮರೆತೇಬಿಟ್ವಿ.

ಒಂದು ದಿನ ಕುತೂಹಲಕ್ಕೆ ಲಾಗ್ ತೆಗೆದು ನೋಡಿದರೆ ಎದೆ ಧಸಕ್ ಅಂತು. ಯಾರ್ಯಾರೋ ರೂಟ್, ಅಡ್ಮಿನ್, ಟೆಸ್ಟ್ ಅನ್ನೋ ಹೆಸರುಗಳಲ್ಲಿ ಪಾಸ್‌ವರ್ಡ್ ಊಹಿಸ್ತಾ ರಾತ್ರಿಯಿಡೀ ಬಾಗಿಲು ಬಡಿದಿದ್ದರು. ಇಂಟರ್‌ನೆಟ್‌ಗೆ ತೆರೆದಿಟ್ಟ ಯಾವ ಸರ್ವರ್‌ಗಾದರೂ ಇದು ದಿನನಿತ್ಯದ ಕಥೆ ಅಂತ ಆಗ ಗೊತ್ತಿರಲಿಲ್ಲ. ಹೆದರಿ ಫೈರ್‌ವಾಲ್‌ನಲ್ಲಿ ಸಿಕ್ಕಿದ ಪೋರ್ಟ್ ಎಲ್ಲ ಮುಚ್ಚಿದ್ವಿ, 80ನ್ನೂ ಸೇರಿಸಿ. ಈ ಡೊಮೇನ್ ನಮ್ಮದೇ ಹೌದಾ ಅಂತ ಲೆಟ್ಸ್ ಎನ್‌ಕ್ರಿಪ್ಟ್ ಬಂದು ನೋಡ್ತಿದ್ದದ್ದು ಅದೇ 80ರಲ್ಲಿ! ಅಕ್ಟೋಬರ್ ಪೂರ್ತಿ ರಿನ್ಯೂ ಫೇಲ್ ಆಗ್ತಾ ಹೋಯ್ತು. ಪ್ರತಿ ಸಲವೂ ಅದನ್ನ ಲಾಗ್‌ನಲ್ಲಿ ಬರೆದಿಟ್ಟಿತ್ತು. ಓದೋಕೆ ಯಾರೂ ಇರಲಿಲ್ಲ.

ನಮ್ಮ ದುರ್ಗದವರಿಗೆ ಈ ಕಥೆ ಹೊಸದಲ್ಲ. ಏಳು ಸುತ್ತಿನ ಕೋಟೆ ಇದ್ದರೂ ಹೈದರಾಲಿಯ ಸೈನಿಕರು ನುಗ್ಗಿದ್ದು ಸಣ್ಣ ಕಿಂಡಿಯಿಂದ, ಕಾವಲುಗಾರ ಊಟಕ್ಕೆ ಹೋದಾಗ. ಅಲ್ಲಿ ನೀರಿಗೆ ಬಂದ ಓಬವ್ವ ಇದ್ದಳು. ನಮ್ಮಲ್ಲಿ ನಾಲ್ಕೂ ಜನ ಊಟಕ್ಕೆ ಹೋಗಿದ್ವಿ.

ನವೆಂಬರ್ 1ರ ಸಂಜೆ ಎಲ್ಲರ ಸ್ಕ್ರೀನ್ ಮೇಲೂ ಕೆಂಪು ಎಚ್ಚರಿಕೆ. ಗಾಬರಿಯಲ್ಲಿ ಗ್ರೂಪಿಗೆ ಮೆಸೇಜ್ ಹಾಕಿದ್ವಿ: "ಅಡ್ವಾನ್ಸ್ಡ್ ಒತ್ತಿ, ಪ್ರೊಸೀಡ್ ಕೊಡಿ, ಏನೂ ಆಗಲ್ಲ."

ವಾರ ಕಳೆದ ಮೇಲೆ ಮದಕರಿಪುರದಿಂದ ನಮ್ಮಲ್ಲೊಬ್ಬನ ಅಮ್ಮ ಫೋನ್ ಮಾಡಿದ್ರು. ಮಗ ನಿರೂಪಣೆ ಮಾಡ್ತಾನೆ ಅಂತ ಅವರೂ ಆವತ್ತು ಜಾಯಿನ್ ಆಗಿದ್ರು. "ಯಾರೋ ಕರೆಂಟ್ ಬಿಲ್ಲಿನ ಲಿಂಕ್ ಕಳ್ಸಿದ್ರು ಕಣೋ. ಹಂಗೇ ಕೆಂಪಗೆ ಬಂತು. ನೀವು ಹೇಳಿದ್ದಂಗೇ ಒತ್ತಿದೆ. ಕಾರ್ಡ್ ನಂಬರೂ ಹಾಕ್ದೆ." ಒಟಿಪಿ ಕೊಡೋ ಮುಂಚೆ ಅನುಮಾನ ಬಂದು ನಿಲ್ಲಿಸಿದ್ರಂತೆ. ಕಾರ್ಡ್ ಬ್ಲಾಕ್ ಮಾಡಿಸಿದ್ವಿ, ದುಡ್ಡು ಹೋಗಲಿಲ್ಲ. ಆದರೆ ಆವತ್ತು ರಾತ್ರಿ ಮೆಸ್‌ನಲ್ಲಿ ಊಟ ಸೇರಲಿಲ್ಲ. ಆ ಎಚ್ಚರಿಕೆಯನ್ನ ದಾಟೋದು ಹೇಗೆ ಅಂತ ಆಕೆಗೆ ಕಲಿಸಿದವರು ನಾವೇ.

ಸರ್ಟಿಫಿಕೇಟ್ ಮರೆಯೋದು ದೊಡ್ಡವರಿಗೂ ಆಗುತ್ತೆ. 2020ರ ಫೆಬ್ರವರಿ 3ರಂದು ಮೈಕ್ರೋಸಾಫ್ಟ್ ಟೀಮ್ಸ್ ಕೆಲ ಗಂಟೆ ನಿಂತುಹೋಗಿದ್ದು ಇದೇ ಕಾರಣಕ್ಕೆ. ಸರ್ಟಿಫಿಕೇಟ್ ಸರಿ ಇದ್ದರೆ ಸಾಕು ಅಂತಲೂ ಇಲ್ಲ. ಅದು ಈ ಸರ್ವರ್ ಯಾರದು ಅಂತಷ್ಟೇ ಹೇಳುತ್ತೆ, ಒಳಗೆ ಬಂದವರು ಯಾರು ಅಂತ ಹೇಳಲ್ಲ. 2023ರ ಡಿಸೆಂಬರ್‌ನಲ್ಲಿ ನಮ್ಮ ಹೈಕೋರ್ಟಿನ ವಿಡಿಯೋ ಕಲಾಪಕ್ಕೇ ಕಿಡಿಗೇಡಿಗಳು ನುಗ್ಗಿ ಅಶ್ಲೀಲ ದೃಶ್ಯ ಹಾಕಿದ್ರು. ಕೋರ್ಟ್ ಆ ಸೌಲಭ್ಯವನ್ನೇ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯ್ತು. ಅಂಥ ಹೊತ್ತಲ್ಲಿ ಯಾರು, ಎಷ್ಟೊತ್ತಿಗೆ, ಎಲ್ಲಿಂದ ಬಂದರು ಅಂತ ತಿಳಿಯೋಕೆ ಲಾಗ್ ಬೇಕು. ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಸಂಸ್ಥೆಗಳು ಲಾಗ್‌ಗಳನ್ನ 180 ದಿನ ಇಟ್ಟುಕೊಳ್ಳಬೇಕು, ದಾಳಿ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು.

ಈಗ ನಾವು ಮಾಡ್ತಿರೋದು ಇಷ್ಟು. ಪೋರ್ಟ್ 80 ತೆರೆದಿದೆ. ಸರ್ಟಿಫಿಕೇಟ್ ಮುಗಿಯೋಕೆ 20 ದಿನ ಇದ್ದಾಗಲೇ ನಾಲ್ಕೂ ಜನಕ್ಕೆ ಮೆಸೇಜ್ ಬರುತ್ತೆ. ಪಾಸ್‌ವರ್ಡ್ ಊಹಿಸೋರನ್ನ ಫೇಲ್‌ಟುಬ್ಯಾನ್ ಹೊರಗಿಡುತ್ತೆ. ಪ್ರತಿ ಮೀಟಿಂಗ್‌ಗೂ ಲಾಬಿ ಇದೆ. ಲಾಗ್ ಓದೋಕೆ ಪಾಳಿ ಹಾಕಿಕೊಂಡಿದ್ದೀವಿ, ದಿನಕ್ಕೆ ಹತ್ತು ನಿಮಿಷ. ಬೋರು ಹೊಡೆಯೋ ಕೆಲಸ, ಸುಳ್ಳು ಹೇಳಲ್ಲ. 2029ರ ಮಾರ್ಚ್‌ನಿಂದ ವೆಬ್ ಸರ್ಟಿಫಿಕೇಟ್‌ಗಳ ಆಯಸ್ಸು ಹೆಚ್ಚೆಂದರೆ 47 ದಿನ ಆಗಲಿದೆ. ಅಷ್ಟೊತ್ತಿಗೆ ನಾವು ಪಾಸಾಗಿ ಹೋಗಿರ್ತೀವಿ, ಸರ್ವರ್ ಇಲ್ಲೇ ಇರುತ್ತೆ.

ಮದಕರಿಪುರದ ಅಮ್ಮನಿಗೆ ಸಾರಿ ಕೇಳಿದ್ವಿ. ಈಗ ಏನೇ ಕೆಂಪಗೆ ಕಂಡರೂ ಅವರು ಮೊದಲು ನಮಗೆ ಫೋನ್ ಮಾಡ್ತಾರೆ.

ಅಂದಹಾಗೆ, ಭಾನುವಾರದ ಪಾಳಿ ಇನ್ನೂ ಖಾಲಿ ಇದೆ. ಫಸ್ಟ್ ಇಯರ್‌ನವರು ಯಾರಾದ್ರೂ ಬರ್ತೀರಾ?